ಸುಗುಣಾ ಸಿಸ್ಟರ್ ಮತ್ತು ಗಂಗವ್ವನ ಬಳೆ

ಸಹನಾ ಕಳೆದ ವಾರ ನರ್ಸಿಂಗ್ ಕಾಲೇಜಿನಿಂದ ಬಂದವಳೇ ಚೀಲ ಎಸೆದು ನನ್ನ ಮಂಚದ ಮೇಲೆ ಕೂತಳು. ಮುಂದಿನ ತಿಂಗಳಿಂದ ಅವರ ತಂಡಕ್ಕೆ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಕೆಲಸವಂತೆ.

"ಅಜ್ಜಿ, ನಂಗ ಭಾಳ ಹೆದರಿಕಿ ಆಗಾಕತ್ತೈತಿ. ಅವರು ಹೊಡದ್ರ?"

"ನನಗೂ ಹಂಗ ಅನಸಿತ್ತವಾ," ಅಂದೆ.

"ಆಮ್ಯಾಲೆ?"

ಆಮೇಲಿನದನ್ನು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಎದುರು ಮಾತಾಡಬೇಕೆಂದರೆ ಈಗಲೂ ಹಿಂದಿನ ಸಾಲಿಗೆ ಸರಿಯುತ್ತೇನೆ. ಬೀದರ ಕಡೆಯ ಹಳ್ಳಿಯ ಶಾಲೆಯಲ್ಲಿ ಕಲಿತವಳು ನಾನು. ಅಲ್ಲಿ ಮಾತಾಡುವುದಕ್ಕಿಂತ ಬರೆಯುವುದನ್ನು ಚೆನ್ನಾಗಿ ಕಲಿಸಿದ್ದರು. ಆದ್ದರಿಂದ ಬರೆಯುತ್ತಿದ್ದೇನೆ. ಸಹನಾ ಓದಲಿ, ಉಳಿದ ಮೊಮ್ಮಕ್ಕಳೂ ಓದಲಿ.

ನಿಮ್ಮ ಅಜ್ಜ ಹೋದಾಗ ನನಗೆ ಚಿಕ್ಕ ವಯಸ್ಸು. ನಿಮ್ಮ ಅವ್ವ ಇನ್ನೂ ತೊಟ್ಟಿಲ ಕೂಸು. ಮೈದುನ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ. ಅವನೇ ಹಟ ಹಿಡಿದು ನನ್ನನ್ನು ನರ್ಸ್ ತರಬೇತಿಗೆ ಸೇರಿಸಿದ. ತರಬೇತಿ ಮುಗಿದ ಮೇಲೆ ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹಾಕಿದರು. ನಾನು ಅತ್ತುಬಿಟ್ಟೆ. ಬೇರೆ ಯಾರೂ ಹೋಗಲು ಒಪ್ಪದ ಜಾಗಕ್ಕೆ ಬಾಯಿ ಇಲ್ಲದವಳನ್ನು ಕಳಿಸಿದರು ಅಂದುಕೊಂಡೆ. ಆ ವಾರ್ಡಿನ ಉಸ್ತುವಾರಿ ಸುಗುಣಾ ಸಿಸ್ಟರ್ ಕೈಯಲ್ಲಿತ್ತು. ಅಲ್ಲಿಗೆ ಹೋಗಿದ್ದು ನನ್ನ ಪುಣ್ಯ ಎಂದು ಆಮೇಲೆ ತಿಳಿಯಿತು.

ಸುಗುಣಾ ಸಿಸ್ಟರ್ ತೆಲುಗಿನವರು. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ದಪ್ಪ ಮೈ, ಸಣ್ಣ ದನಿ. ನಾವು ರೋಗಿಯ ಮೈಮೇಲೆ ಕೈ ಇಡಲು ಹೋದರೆ ಸಾಕು, ಹಿಂದಿನಿಂದ ಅವರ ಪ್ರಶ್ನೆ ಬರುತ್ತಿತ್ತು. "ಅಡಿಗಾವಾ, ಅಮ್ಮಾ?" ಕೇಳಿದೆಯಾ, ತಾಯೀ? ಸೂಜಿ ಚುಚ್ಚುವ ಮೊದಲು ಅದೇ ಪ್ರಶ್ನೆ, ತಲೆ ಬಾಚುವ ಮೊದಲು ಅದೇ ಪ್ರಶ್ನೆ. "ಸಿಸ್ಟರ್, ಆಕೆಗೆ ಏನೂ ತಿಳಿಯುವುದಿಲ್ಲ" ಎಂದರೆ, "ತಿಳಿಯುವುದಿಲ್ಲ ಎಂದು ನಿನಗೆ ಹೇಗೆ ತಿಳಿಯಿತು? ಕೇಳಿದೆಯಾ?" ಎನ್ನುತ್ತಿದ್ದರು.

ಒಮ್ಮೆ ಒಬ್ಬ ಆಯಾ ಮಾತ್ರೆಯನ್ನು ಪುಡಿಮಾಡಿ ಉಪ್ಪಿಟ್ಟಿನಲ್ಲಿ ಕಲಸುತ್ತಿದ್ದಳು. ನುಂಗಲು ಒಪ್ಪದವರಿಗೆ ಮನೆಯವರೂ ಹಾಗೇ ಮಾಡುತ್ತಾರೆ, ಅದರಲ್ಲೇನು ಎಂದು ನಾನೂ ಸುಮ್ಮನೆ ನೋಡುತ್ತಿದ್ದೆ. ಸಿಸ್ಟರ್ ಬೈಯಲಿಲ್ಲ. ತಟ್ಟೆಯನ್ನು ಮೆಲ್ಲಗೆ ಎತ್ತಿ ಬದಿಗಿಟ್ಟರು. "ಮಾತ್ರೆ ಬೇಡ ಅನ್ನುವವಳು ನಾಳೆ ಹೂಂ ಅನ್ನಬಹುದು. ಅನ್ನದ ಮೇಲೆ ನಂಬಿಕೆ ಹೋದರೆ ಅದನ್ನು ಎಲ್ಲಿಂದ ತಂದು ಕೊಡುತ್ತೀಯಮ್ಮಾ?" ಅಂದರು.

ಇನ್ನೊಂದು ಪಾಠ ಬಾಯಿಗೆ ಸಂಬಂಧಿಸಿದ್ದು. ಹೈದರಾಬಾದಿನಲ್ಲಿ ನಮ್ಮ ಕಡೆಯ ಜನ ಎಷ್ಟಿದ್ದರೂ ಒಂದೇ ಓಣಿಯವರಿದ್ದಂತೆ. ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ತಿಳಿದ ಮೇಲೆ ಮದುವೆ ಮಾತುಕತೆ ನಡೆಸುವವರು ನನ್ನ ಬಳಿ ಬರತೊಡಗಿದರು. ಒಮ್ಮೆ ಒಬ್ಬರು ಒಂದು ಹುಡುಗಿಯ ಹೆಸರು ಹೇಳಿ, ಆಕೆ ನಿಮ್ಮ ದವಾಖಾನೆಗೆ ಬಂದಿದ್ದಳೇ ಎಂದು ಕೇಳಿದರು. ಬಂದಿರಲಿಲ್ಲ. "ಇಲ್ರೀ, ಬಂದಿಲ್ಲ" ಎಂದು ಖುಷಿಯಿಂದ ಹೇಳಿ, ಅದನ್ನೇ ಸಿಸ್ಟರ್ ಮುಂದೆಯೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಇವತ್ತು ಇಲ್ಲ ಅಂದೆ. ನಾಳೆ ನಿಜವಾಗಿ ಬಂದು ಹೋದವಳ ಹೆಸರು ಕೇಳಿದರೆ ಏನು ಮಾಡುತ್ತೀಯ?"

"ಸುಮ್ಮನಿರುತ್ತೇನೆ."

"ಆಗ ನಿನ್ನ ಮೌನವೇ ಹೌದು ಅಂದಂತಾಯಿತು. ಬಂದವರಿಗೂ ಬರದವರಿಗೂ ಒಂದೇ ಉತ್ತರ ಇರಬೇಕು ಕಮಲಾ. ಯಾರು ಬಂದರು, ಯಾರು ಬರಲಿಲ್ಲ, ಎರಡನ್ನೂ ನಾವು ಹೇಳುವುದಿಲ್ಲ. ಅಷ್ಟೇ."

ಅದರ ಜೊತೆಗೆ ಇನ್ನೊಂದನ್ನೂ ಸೇರಿಸಿದರು. ವಾಸಿಯಾಗಿ ಹೋದವರು ಹಾದಿಯಲ್ಲಿ ಕಂಡರೆ ನಾವಾಗಿ ಮಾತಾಡಿಸಬಾರದು. ಅವರು ನಕ್ಕರೆ ನಗಬೇಕು, ನಗದಿದ್ದರೆ ನಮ್ಮ ದಾರಿ ನಮಗೆ.

ಈಗ ಗಂಗವ್ವನ ವಿಷಯ.

ಗಂಗವ್ವ ನಮ್ಮ ಕಡೆಯವಳೇ. ಗಂಡ ಶರಣಪ್ಪನಿಗೆ ಬೇಗಂ ಬಜಾರಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ಒಬ್ಬಳೇ ಸಣ್ಣ ಮಗಳು. ಕೆಲವು ವಾರಗಳಿಂದ ಗಂಗವ್ವನಿಗೆ ನಿದ್ದೆ ಇರಲಿಲ್ಲ. ಗೋಡೆಯೊಳಗೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಎನ್ನುತ್ತಿದ್ದಳಂತೆ. ಒಂದು ದಿನ ಮನೆ ಬಿಟ್ಟು ಹೊರಟವಳು ಬಸ್ ನಿಲ್ದಾಣದಲ್ಲಿ ಸಿಕ್ಕಳು. ಶರಣಪ್ಪ ಮಾಲು ಖರೀದಿಗೆಂದು ವರಂಗಲ್ಲಿಗೆ ಹೋಗಿದ್ದ. ಅವಳ ಅಣ್ಣನೇ ನಮ್ಮಲ್ಲಿಗೆ ಕರೆತಂದ. ಆಗ ಅವಳಿಗೆ ಬಹಳ ಗಾಬರಿ, ಒಂದು ಕಡೆ ಕೂಡುತ್ತಿರಲಿಲ್ಲ. ವೈದ್ಯರು ಸೂಜಿ ಮದ್ದು ಕೊಡಿಸಿದರು. ಅವಳು ಅರೆಗಣ್ಣಿನ ಮಂಪರಿಗೆ ಜಾರಿದಳು.

ಹೊಸದಾಗಿ ಬಂದವರ ಮೈಮೇಲೆ ಒಡೆಯುವಂಥದ್ದು, ಬಿಗಿಯುವಂಥದ್ದು ಏನೂ ಇರಬಾರದೆಂಬುದು ವಾರ್ಡಿನ ಪದ್ಧತಿ. ಗಾಜಿನ ಚೂರಿನಿಂದ ಕೈ ಕೊಯ್ದುಕೊಂಡವರನ್ನು ನಾವು ಕಂಡಿದ್ದೆವು. ಆದ್ದರಿಂದ ಅದು ಸುಮ್ಮನೆ ಮಾಡಿದ ಪದ್ಧತಿಯಲ್ಲ. ಆವತ್ತು ಕೆಲಸದ ಕೈ ಸಾಲದೆ ಸುಗುಣಾ ಸಿಸ್ಟರೇ ನಿಂತು ಗಂಗವ್ವನ ಹಸಿರು ಗಾಜಿನ ಬಳೆಗಳನ್ನು ಸೋಪು ಹಚ್ಚಿ ಒಂದೊಂದಾಗಿ ತೆಗೆದರು. ಕರಿಮಣಿ ಸರ, ಕಾಲುಂಗುರ ತೆಗೆದು ಅಣ್ಣನ ಕೈಗೆ ಕೊಟ್ಟರು. ಆಯಾಗಳು ಮೈ ಒರೆಸಿದರು, ಹಣೆಯ ಕುಂಕುಮವೂ ಒರೆಸಿಹೋಯಿತು. ಆಸ್ಪತ್ರೆಯ ಬಿಳಿ ಬಟ್ಟೆ ಉಡಿಸಿದರು.

ಎಚ್ಚರವಾದ ಮೇಲೆ ಗಂಗವ್ವ ಗಲಾಟೆ ಮಾಡಲಿಲ್ಲ. ಮೂಲೆಗೆ ಸರಿದು, ಗೋಡೆಗೆ ಮುಖ ಮಾಡಿ, ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಕೂತಳು. ಅನ್ನ ಮುಟ್ಟಲಿಲ್ಲ, ನೀರು ಕುಡಿಯಲಿಲ್ಲ. ಯಾರು ಏನು ಕೇಳಿದರೂ ಒಂದೇ ಮಾತು: "ಅವರು ಹ್ವಾದ್ರು."

ವಾರ್ಡಿನವರೆಲ್ಲ ಸಮಾಧಾನ ಹೇಳಿದರು. ನಿನ್ನ ಗಂಡ ಚೆನ್ನಾಗಿದ್ದಾನೆ, ನಾಳೆ ಬರುತ್ತಾನೆ, ಊಟ ಮಾಡು. ಸುಗುಣಾ ಸಿಸ್ಟರ್ ಆ ಮಾತನ್ನೂ ನಿಲ್ಲಿಸಿದರು. "ಆತ ಎಲ್ಲಿದ್ದಾನೆ, ಯಾವಾಗ ಬರುತ್ತಾನೆ, ನಿಮಗೆ ಗೊತ್ತೇ? ಗೊತ್ತಿಲ್ಲದ್ದನ್ನು ಕೊಡುತ್ತೇವೆ ಅನ್ನಬೇಡಿ." ಆಮೇಲೆ ತಾವೇ ಅಂಗಡಿಗೆ ಫೋನ್ ಮಾಡಿ ಶರಣಪ್ಪನನ್ನು ಹುಡುಕಿಸಲು ಶುರುಮಾಡಿದರು.

ಗಂಡ ಸತ್ತನೆಂಬುದು ರೋಗದ ಭ್ರಮೆ ಎಂದು ವೈದ್ಯರು ತಿಳಿದಿದ್ದರು. ಹಾಗೆ ತಿಳಿಯಲು ಕಾರಣವೂ ಇತ್ತು. ಗೋಡೆ ಮಾತಾಡುತ್ತದೆ ಎಂದವಳೇ ಈ ಮಾತನ್ನೂ ಆಡುತ್ತಿದ್ದಳಲ್ಲ. ಅವರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವಳ ನಾಲಿಗೆ ಒಣಗಿದ್ದನ್ನು ನೋಡಿ ಅವರ ಮುಖವೂ ಸಣ್ಣದಾಯಿತು. "ನಾಳೆ ಮಧ್ಯಾಹ್ನದವರೆಗೆ ನೋಡೋಣ ಸಿಸ್ಟರ್. ಆಮೇಲೂ ಹೊಟ್ಟೆಗೆ ಏನೂ ಹೋಗದಿದ್ದರೆ ಮೂಗಿನಿಂದ ನಳಿಕೆ ಹಾಕಲೇಬೇಕು. ಜೀವ ಉಳಿಯಬೇಕಲ್ಲ" ಅಂದರು. ನಳಿಕೆ ಹಾಕುವುದೆಂದರೆ ನಾಲ್ವರು ಕೈಕಾಲು ಹಿಡಿಯುವುದು. ಸುಗುಣಾ ಸಿಸ್ಟರ್ ವಾದ ಮಾಡಲಿಲ್ಲ. ನನ್ನನ್ನು ಕರೆದರು.

"ಕಮಲಾ, ನಿನ್ನ ಭಾಷೆಯವಳು. ಹೋಗಿ ಅವಳ ಹತ್ತಿರ ಕೂತಿರು."

"ಏನು ಕೇಳಲಿ ಸಿಸ್ಟರ್?"

"ಏನೂ ಕೇಳಬೇಡ. ಕೂತಿರಲಿಕ್ಕೆ ಮಾತ್ರ ಕೇಳು."

ನಾನು ಅರಳೆಯ ಗಂಟು ತೆಗೆದುಕೊಂಡು ಹೋದೆ. "ಇಲ್ಲೇ ಕೂಡಲೇನವಾ?" ಅಂದೆ. ಅವಳು ಬೇಡ ಅನ್ನಲಿಲ್ಲ. ನಾನು ಕೂತು ಅರಳೆಯ ಉಂಡೆ ಕಟ್ಟತೊಡಗಿದೆ. ಮಾತಾಡಲು ಬಾರದ ನನ್ನ ಸ್ವಭಾವ ನನ್ನ ಜನ್ಮದಲ್ಲಿ ಅದೊಂದೇ ದಿನ ಉಪಯೋಗಕ್ಕೆ ಬಂತೆಂದು ಕಾಣುತ್ತದೆ. ಅರಳೆ ಮುಗಿಯುತ್ತ ಬಂದಾಗ ಅವಳು ಬಟ್ಟೆ ಸರಿಸಿ ನನ್ನ ಕೈಗಳನ್ನೇ ನೋಡುತ್ತಿದ್ದಳು.

"ನಿಮ್ಮವರು ಯಾವಾಗ ಹ್ವಾದ್ರು?"

"ಭಾಳ ವರ್ಷ ಆತವಾ. ಮಗಳು ತೊಟ್ಟಲದಾಗ ಇದ್ಲು."

"ಬಳಿ ಯಾರು ತಗದ್ರು?"

"ನಮ್ಮ ಅತ್ತಿ."

ಗಂಗವ್ವ ಬಾಗಿಲ ಕಡೆ ಗದ್ದ ಎತ್ತಿದಳು. ಅಲ್ಲಿ ಸುಗುಣಾ ಸಿಸ್ಟರ್ ನಿಂತಿದ್ದರು. "ನನಗ ಆ ದಪ್ಪನಾಕಿ ತಗದ್ಲು. ಹೊರಗಿನಾಕಿ. ನಮ್ಮ ಮಂದಿ ಒಬ್ಬರೂ ಬರಲಿಲ್ಲ ನೋಡ್ರಿ. ನನಗ ಮಾರಿ ಸೈತ ತೋರಸದ ಮಣ್ಣ ಮಾಡ್ಯಾರ."

ನನ್ನ ಕೈಯ ಅರಳೆ ಹಾಗೇ ನಿಂತಿತು. ಬಳೆ ತೆಗೆದರು, ಕರಿಮಣಿ ತೆಗೆದರು, ಕಾಲುಂಗುರ ತೆಗೆದರು, ಹಣೆ ಒರೆಸಿದರು, ಬಿಳಿಯದು ಉಡಿಸಿದರು, ಸುತ್ತಲೂ ಹೆಂಗಸರು ನಿಂತಿದ್ದರು. ಹೆಣ್ಣೊಬ್ಬಳಿಗೆ ಇದನ್ನೆಲ್ಲ ಒಂದೇ ದಿನ ಮಾಡುವುದು ಯಾವಾಗ ಎಂದು ನನಗೆ ಗೊತ್ತಿತ್ತು. ನನಗೂ ಅದೆಲ್ಲ ಆಗಿತ್ತು. ಆದರೂ ಸಿಸ್ಟರ್ ಅಲ್ಲಿ ಕೂರಿಸದಿದ್ದರೆ ಅದು ನನಗೆ ಹೊಳೆಯುತ್ತಿರಲಿಲ್ಲ. ವಾರ್ಡಿನ ಪದ್ಧತಿ ಬೇರೆ, ಮನೆಯ ಪದ್ಧತಿ ಬೇರೆ ಎಂದು ನನ್ನ ತಲೆಯಲ್ಲಿ ಎರಡು ಕೋಣೆ ಮಾಡಿಕೊಂಡಿದ್ದೆ.

ಹೊರಗೆ ಬಂದು ಸಿಸ್ಟರಿಗೆ ಹೇಳಿದೆ. ಅವರು ಪೂರ್ತಿ ಕೇಳಿ, ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಅಂದರು: "ಎಲ್ಲರಿಗೂ ಅಡಿಗಾವಾ ಅನ್ನುವವಳು ನಾನು. ನಾನು ಕೇಳಲಿಲ್ಲ." ಅಂದವರೇ ಒಳಗೆ ನಡೆದರು. ಆ ದಪ್ಪ ಮೈಯನ್ನು ಕಷ್ಟಪಟ್ಟು ಬಗ್ಗಿಸಿ ನೆಲದ ಮೇಲೆ, ಗಂಗವ್ವನ ಎದುರು ಕೂತರು. ನನ್ನನ್ನು ಪಕ್ಕಕ್ಕೆ ಕರೆದು, ತಾವು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳು ಅಂದರು.

ಅವರು ಹೇಳಿದ್ದು ಇಷ್ಟು. ಬಳೆ ತೆಗೆದದ್ದು ನಿನ್ನ ಗಂಡ ಹೋದನೆಂದಲ್ಲ. ಗಾಜು ಒಡೆದು ಯಾರಿಗಾದರೂ ಗಾಯವಾದೀತೆಂದು ಇಲ್ಲಿ ಎಲ್ಲರದನ್ನೂ ತೆಗೆಯುತ್ತೇವೆ. ಆದರೆ ನಿನ್ನನ್ನು ಕೇಳದೆ ತೆಗೆದೆ, ಎಚ್ಚರವಾದ ಮೇಲಾದರೂ ಹೇಳಬೇಕಿತ್ತು, ಹೇಳಲಿಲ್ಲ. ನನ್ನದು ತಪ್ಪು.

ನಾನು ಮೊದಲಿನದನ್ನೆಲ್ಲ ಹೇಳಿ ಕೊನೆಯದನ್ನು ಬಿಟ್ಟೆ. ವಾರ್ಡಿನ ಯಜಮಾನಿ, ಆಯಾಗಳ ಎದುರು, ರೋಗಿಗೆ ತಪ್ಪು ಅನ್ನುವುದೆಂದರೆ ನನ್ನ ನಾಲಿಗೆ ಏಳಲಿಲ್ಲ. ಕನ್ನಡ ಬಾರದಿದ್ದರೂ ಸಿಸ್ಟರಿಗೆ ಗೊತ್ತಾಯಿತು. ನನ್ನ ಮಾತು ಬೇಗ ಮುಗಿದಿತ್ತಲ್ಲ.

"ಅಂತಾ ಚೆಪ್ಪು, ಕಮಲಾ," ಅಂದರು. ಎಲ್ಲವನ್ನೂ ಹೇಳು.

"ಕೇಳದ ತಗದೆ, ನಂದು ತಪ್ಪಾತು ಅನ್ನಾಕತ್ತಾರವಾ," ಅಂದೆ.

ಗಂಗವ್ವ ಮೊದಲ ಸಲ ಸುಗುಣಾ ಸಿಸ್ಟರ್ ಮುಖ ನೋಡಿದಳು. "ಹಂಗಾದ್ರ ಅವರೆಲ್ಲಿ?" ಅಂದಳು.

"ಹುಡುಕುತ್ತಿದ್ದೇವೆ. ಸಿಕ್ಕ ಕೂಡಲೇ ಹೇಳುತ್ತೇವೆ. ಅಲ್ಲಿಯವರೆಗೆ ನಮಗೂ ಗೊತ್ತಿಲ್ಲ," ಅಂದರು ಸಿಸ್ಟರ್. ಅದನ್ನೂ ಇದ್ದ ಹಾಗೇ ಹೇಳಿದೆ. ಗಂಗವ್ವ ಅವತ್ತು ಎರಡು ಗುಟುಕು ನೀರು ಕುಡಿದಳು. ಊಟ ಮಾಡಲಿಲ್ಲ.

ವೈದ್ಯರಿಗೆ ಸಿಸ್ಟರ್ ಎಲ್ಲವನ್ನೂ ವಿವರಿಸಿದರು. ಅವರು ಕುರ್ಚಿ ಎಳೆದುಕೊಂಡು ನನ್ನನ್ನೂ ಕೂರಿಸಿ, ಮತ್ತೊಮ್ಮೆ ಮೊದಲಿನಿಂದ ಕೇಳಿದರು. "ರೋಗ ಇದೆ, ಆದರೆ ಇದು ರೋಗವಲ್ಲ" ಎನ್ನುತ್ತ, ಭ್ರಮೆ ಎಂದು ಮೊದಲು ಬರೆದಿದ್ದನ್ನು ತಿದ್ದಿದರು. ಆದರೆ ಮಧ್ಯಾಹ್ನದ ಗಡುವನ್ನು ಬಿಡಲಿಲ್ಲ. ದೇಹ ಕಾಯುವುದಿಲ್ಲವಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಕಾವಲುಗಾರ ಸೀನುವ ಸದ್ದು ಕೇಳಿತು. ಆಮೇಲೆ ಒಬ್ಬ ಆಯಾ ಸೀನಿದಳು. ಶರಣಪ್ಪ ವರಂಗಲ್ಲಿನಿಂದ ನೇರ ಮೆಣಸಿನಕಾಯಿ ಲಾರಿಯಲ್ಲೇ ಬಂದಿದ್ದ. ಗಂಡಸರು ಒಳಗೆ ಬರುವ ಹಾಗಿಲ್ಲ, ಹೊಸ ರೋಗಿಯನ್ನು ಹೊರಗೆ ಬಿಡುವ ಹಾಗಿಲ್ಲ. ಸುಗುಣಾ ಸಿಸ್ಟರ್ ಹೋಗಿ ವೈದ್ಯರ ಅನುಮತಿ ತಂದರು. ಗಂಗವ್ವನನ್ನು ಕೇಳಿ, ಕೈ ಹಿಡಿದು, ಅಂಗಳದ ಬೇವಿನ ಮರದ ಕೆಳಗೆ ಕರೆದುಕೊಂಡು ಹೋದರು.

ಶರಣಪ್ಪ ಹೆಂಡತಿಯ ಅವತಾರ ನೋಡಿ ಹೆದರಿಹೋದ. ಗಂಗವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೆಣಸಿನಕಾಯಿ ಘಾಟಿಗೆ ಮೂಗು ಏರಿಸಿದಳು.

"ಜೀವಂತ ಅದೀರೇನ್ರಿ?"

"ಏ ಹುಚ್…" ಎಂದವನು ಸಿಸ್ಟರ್ ಕಣ್ಣು ನೋಡಿ ಬಾಯಿ ಮುಚ್ಚಿದ. "ಅದೀನೆಲ್ಲ. ನಿನ್ನ ಮುಂದ ನಿಂತೀನಿ, ಕಾಣೂದಿಲ್ಲೇನು?"

"ಕಾಣ್ತೈತಿ. ನೀವು ಇದ್ದೀರಂದ್ರ ನನ್ನ ಕೈ ಯಾಕ ಹಿಂಗ ಅದಾವ?"

ಗಂಡ ಎದುರಿಗಿದ್ದರೂ ಅವಳ ಕೈ ಬರಿದಾಗಿಯೇ ಇತ್ತು. ಸುಗುಣಾ ಸಿಸ್ಟರ್ ಶರಣಪ್ಪನನ್ನು ಬದಿಗೆ ಕರೆದು, "ಬಳೆ ಬೇಕು, ಗಾಜಿನದಲ್ಲ, ಒಡೆಯದ್ದು. ಓಡು" ಅಂದರು. ಅವನು ನಿಜವಾಗಿಯೂ ಓಡಿದ. ಅವನ ಅಂಗಡಿ ಇದ್ದ ಬೇಗಂ ಬಜಾರಿನಲ್ಲಿ ಸಿಗದ ವಸ್ತು ಉಂಟೇ? ಮಧ್ಯಾಹ್ನದ ಹೊತ್ತಿಗೆ ಹಸಿರು ಪ್ಲಾಸ್ಟಿಕ್ ಬಳೆಗಳ ದೊಡ್ಡ ಕಟ್ಟನ್ನೇ ಹೊತ್ತು ತಂದ. ಇಡೀ ವಾರ್ಡಿಗೆ ಸಾಕಾಗುವಷ್ಟಿತ್ತು. ಅಷ್ಟರಲ್ಲಿ ವೈದ್ಯರೂ ಬಂದು ನಿಂತಿದ್ದರು. ನಳಿಕೆಯ ತಟ್ಟೆ ಒಳಗೆ ಸಿದ್ಧವಾಗಿತ್ತು.

ಗಂಗವ್ವ ಒಂದು ಬಳೆ ಎತ್ತಿ ಉಗುರಿನಿಂದ ತಟ್ಟಿ ನೋಡಿದಳು. "ಇವು ಬಳೀನಾ? ಮಗಳ ಗೊಂಬಿಗೆ ಹಾಕೂವು ತಂದೀರಿ!"

ಸಿಸ್ಟರಿಗೆ ಹೇಳಿದೆ. ಅವರು ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ನನ್ನತ್ತ ತಿರುಗಿ, "ಹಾಕು ಕಮಲಾ" ಅಂದರು.

ನಾನು ಹಿಂದೆ ಸರಿದೆ. ಮುತ್ತೈದೆಗೆ ಬಳೆ ತೊಡಿಸುವ ಕೈ ನನ್ನದಲ್ಲ. ನಮ್ಮ ಮನೆಯ ಶುಭಕಾರ್ಯಗಳಲ್ಲಿ ನಾನು ಅರಿಶಿನದ ತಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಸಿಸ್ಟರಿಗೆ ಅದು ತಿಳಿಯಲಿಲ್ಲ, ಗಂಗವ್ವನಿಗೆ ತಿಳಿಯಿತು.

"ಆಕೀನ ಹಾಕ್ಲಿ," ಅಂದಳು. ಎರಡೂ ಕೈ ನನ್ನ ಮುಂದೆ ಚಾಚಿದಳು. "ಖಾಲಿ ಕೈ ಅಂದ್ರ ಏನಂತ ಆಕೀಗೆ ಗೊತ್ತೈತಿ."

ಹಾಕಿದೆ. ಶರಣಪ್ಪ ಅವಳ ಅಣ್ಣನಿಂದ ಇಸಿದುಕೊಂಡು ಬಂದಿದ್ದ ಕರಿಮಣಿ ಸರವನ್ನು ಕಿಸೆಯಿಂದ ತೆಗೆದ. ಸರ ವಾರ್ಡಿನಲ್ಲಿ ಇರುವ ಹಾಗಿಲ್ಲ, ಯಾಕೆಂದರೆ ಕೊರಳಿಗೆ ಬಿಗಿದುಕೊಳ್ಳುವ ಅಪಾಯವಿದೆ, ಏನು ಮಾಡೋಣ ಎಂದು ಸಿಸ್ಟರ್ ಅವಳನ್ನೇ ಕೇಳಿದರು. ಗಂಗವ್ವ ಅದನ್ನು ಕೊರಳಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಆಮೇಲೆ ತಾನೇ ತೆಗೆದು ಗಂಡನ ಕೈಗೆ ಕೊಟ್ಟಳು. "ಜ್ವಾಕಿ ಇಡ್ರಿ. ಮೆಣಸಿನಕಾಯಿ ಚೀಲದಾಗ ಒಗೀಬ್ಯಾಡ್ರಿ." ಸಹನಾ, ಇದನ್ನು ನೆನಪಿಡು. ಬಂದ ದಿನ ತೆಗೆದದ್ದೂ ಅದೇ ಸರ, ಇಂದು ತೆಗೆದದ್ದೂ ಅದೇ ಸರ. ಇಂದು ಅವಳನ್ನು ಕೇಳಿದ್ದರು.

ಬೇವಿನ ಕೆಳಗೇ ತಟ್ಟೆ ತರಿಸಿದೆವು. ಒಂದು ತುತ್ತು ಬಾಯಿಗಿಟ್ಟು, "ಇದಕ್ಕ ಉಪ್ಪ ಹಾಕಿಲ್ಲ" ಅಂದಳು. ವೈದ್ಯರು ಒಳಗೆ ಹೋಗಿ ನಳಿಕೆಯ ತಟ್ಟೆಯನ್ನು ತಾವೇ ಎತ್ತಿ ಕಪಾಟಿನಲ್ಲಿಟ್ಟರು.

ಬಳೆಯಿಂದ ರೋಗ ವಾಸಿಯಾಯಿತೆಂದು ತಿಳಿಯಬೇಡಿ. ಗೋಡೆಯ ಮಾತುಗಳು ನಿಲ್ಲಲು ಮಾತ್ರೆಗಳೇ ಬೇಕಾದವು. ಬಹಳ ದಿನ ಹಿಡಿಯಿತು. ನಡುವೆ ಒಮ್ಮೆ ಹೆಚ್ಚೂ ಆಯಿತು. ಆದರೆ ಮಾತ್ರೆಯನ್ನು ಅವಳು ನಮ್ಮ ಕೈಯಿಂದ ತೆಗೆದುಕೊಂಡಳು, ಯಾಕೆಂದು ಕೇಳಿ ತಿಳಿದು ತೆಗೆದುಕೊಂಡಳು. ಶರಣಪ್ಪ ತಂದ ಉಳಿದ ಬಳೆಗಳು ಒಂದು ಡಬ್ಬಿಯಲ್ಲಿ ವಾರ್ಡಿನಲ್ಲೇ ಉಳಿದವು. ಅಂದಿನಿಂದ ಯಾರದೇ ಬಳೆ ತೆಗೆಯುವ ಮೊದಲು ಕಾರಣ ಹೇಳಿ, ಡಬ್ಬಿ ತೆರೆದು ಮುಂದಿಡುವುದು ನಮ್ಮ ವಾರ್ಡಿನ ರೂಢಿಯಾಯಿತು. ಮಂಪರಿನಲ್ಲಿದ್ದವರಿಗೆ ಎಚ್ಚರವಾಗುವಾಗ ಒಬ್ಬರು ಪಕ್ಕದಲ್ಲಿ ಕೂತಿರುತ್ತಿದ್ದೆವು.

ಮುಂದೆ ಮಾನಸಿಕ ರೋಗಿಗಳ ಹಕ್ಕುಗಳ ಬಗ್ಗೆ ಹೊಸ ಕಾಯ್ದೆ ಬಂತು. ಆಗ ಸುಗುಣಾ ಸಿಸ್ಟರ್ ನಿವೃತ್ತರಾಗಿದ್ದರು. ಆಸ್ಪತ್ರೆಯ ಅಧಿಕಾರಿಗಳು ನಮ್ಮನ್ನೆಲ್ಲ ಕೂರಿಸಿ ತೆಲುಗಿನಲ್ಲಿ ಓದಿ ಹೇಳಿದರು. ರೋಗಿಗೆ ಬೇಕಾದರೆ ತನ್ನದೇ ಬಟ್ಟೆ ಉಡಬಹುದು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಕಟ್ಟಿಹಾಕುವುದು ಶಿಕ್ಷೆಗೂ ಅಲ್ಲ, ನಮ್ಮ ಅನುಕೂಲಕ್ಕೂ ಅಲ್ಲ, ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅವರ ವಿಷಯ ಹೊರಗೆ ಹೋಗಬಾರದು. ತನಗೆ ಹುಷಾರಿಲ್ಲದಾಗ ಹೇಗೆ ನೋಡಿಕೊಳ್ಳಬೇಕೆಂದು ಮೊದಲೇ ಬರೆದಿಡಬಹುದು, ತನ್ನ ಪರವಾಗಿ ಮಾತಾಡಲು ಒಬ್ಬರನ್ನು ಆರಿಸಬಹುದು. ನಾನು ಹಿಂದಿನ ಬೆಂಚಿನಲ್ಲಿ ಕೂತು, ಇದನ್ನೆಲ್ಲ ನಮ್ಮ ಸಿಸ್ಟರನ್ನು ಕೇಳಿಯೇ ಬರೆದ ಹಾಗಿದೆಯಲ್ಲ ಅಂದುಕೊಂಡೆ. ಕಾಯ್ದೆಯಲ್ಲಿ ಎಷ್ಟೋ ಮಾತುಗಳಿವೆ, ನೀವು ಪರೀಕ್ಷೆಗೆ ಓದುತ್ತೀರಿ. ನನಗೆ ಅವೆಲ್ಲವೂ "ಅಡಿಗಾವಾ" ಎಂದೇ ಕೇಳಿಸಿದವು.

ನಾನು ನಿವೃತ್ತಳಾಗಿ ತಾರ್ನಾಕ ಬಡಾವಣೆಯ ಈ ಮನೆಗೆ ಬಂದ ಮೇಲೆ ಒಂದು ದಿನ ನಾರಾಯಣಗೂಡದ ಸುಭದ್ರಾಬಾಯಿ ಬಂದರು. ನನ್ನ ಮೈದುನನ ಹೆಂಡತಿಯ ಕಡೆಯವರು. ಚಹಾ ಮುಗಿಯುವ ಮೊದಲೇ ವಿಷಯಕ್ಕೆ ಬಂದರು.

"ನಮ್ಮ ಅಣ್ಣನ ಮಗಗ ಬೇಗಂ ಬಜಾರದ ಶರಣಪ್ಪನ ಮಗಳನ್ನ ನೋಡ್ಯಾರ್ರಿ. ಹುಡುಗಿ ಅವ್ವ ಗಂಗವ್ವ ನಿಮ್ಮ ದವಾಖಾನ್ಯಾಗ ಇದ್ಲಂತ, ಖರೇ ಏನ್ರಿ?"

ನನ್ನ ಮುಖ ಬದಲಾಗಲಿಲ್ಲ ಅಂದುಕೊಂಡಿದ್ದೇನೆ. "ಯಾರು ಬಂದಿದ್ರು, ಯಾರು ಬಂದಿಲ್ಲ, ಎರಡೂ ನಾವು ಹೇಳೂದಿಲ್ರಿ ಅಕ್ಕಾರ."

"ಯವ್ವಾ! ನೌಕರಿ ಮುಗದೈತಿ, ಇನ್ನೂ ಬಾಯಿಗೆ ಕೀಲಿನ? ಇಲ್ಲ ಅಂತರ ಅನ್ರಿ."

"ಅದನ್ನೂ ಅನ್ನೂದಿಲ್ರಿ. ಇನ್ನೊಂದು ಕಪ್ ಚಾ ಹಾಕ್ಲೇನ್ರಿ?"

ಅವರು ಚಹಾ ಬೇಡವೆಂದು ಸಿಟ್ಟಿನಿಂದ ಹೋದರು. ನನಗೆ ಹಲವು ದಿನ ಮನಸ್ಸು ಸರಿಯಿರಲಿಲ್ಲ. ನನ್ನ ಮಾತಿನಿಂದ ಆ ಹುಡುಗಿಯ ಮದುವೆ ಮುರಿದರೆ? ಆದರೆ ಬೇರೆ ಏನು ಹೇಳಿದ್ದರೂ ಗಂಗವ್ವನದೊಂದನ್ನು ಅವಳನ್ನು ಕೇಳದೆ ತೆಗೆದುಕೊಟ್ಟಂತೆಯೇ ಆಗುತ್ತಿತ್ತು.

ಮದುವೆ ಗೊತ್ತಾಯಿತು. ಸಂಬಂಧದ ಕಡೆಯಿಂದ ನನಗೂ ಕರೆ ಬಂತು. ಮದುವೆಯ ಹಿಂದಿನ ದಿನ ಬಳೆ ತೊಡಿಸುವ ಕಾರ್ಯ. ನಾನು ಬಾಗಿಲ ಬಳಿ, ಗೋಡೆಗೆ ಒರಗಿ ಕೂತಿದ್ದೆ. ಬಳೆಗಾರ ಗಂಟು ಬಿಚ್ಚಿದ್ದ. ಗಂಗವ್ವನ ತಲೆ ನರೆತಿತ್ತು, ಕೈತುಂಬ ಹಸಿರು ಗಾಜಿನ ಬಳೆ. ಅವಳ ಕಣ್ಣು ಒಮ್ಮೆ ನನ್ನ ಮೇಲೆ ಹಾದುಹೋಯಿತು. ನಾನು ತಲೆ ತಗ್ಗಿಸಿ ನೆಲದ ರಂಗೋಲಿ ನೋಡುತ್ತ ಕೂತೆ.

ಆಮೇಲೆ ನನ್ನ ಮುಂದೆ ಅವಳ ಪಾದಗಳು ಕಂಡವು.

"ಸಿಸ್ಟರ್, ಏಳ್ರಿ. ನನ್ನ ಮಗಳಿಗೆ ಮೊದಲನೇ ಬಳಿ ನೀವು ಹಾಕಬೇಕು."

ಎಲ್ಲರೂ ನಮ್ಮ ಕಡೆ ತಿರುಗಿದರು. ವಿಧವೆಯನ್ನು ಕರೆದದ್ದು ಒಂದು ಕಡೆ, 'ಸಿಸ್ಟರ್' ಅಂದದ್ದು ಇನ್ನೊಂದು ಕಡೆ. ಸುಭದ್ರಾಬಾಯಿ ಮುಂದೆ ಬಂದರು. "ನಿಮಗ ಇವರು ಹ್ಯಾಂಗ ಪರಿಚಯ ಗಂಗವ್ವಾ?"

ನಾನು ತುಟಿ ಬಿಗಿದು ನಿಂತೆ. ಗಂಗವ್ವ ನನ್ನ ಮುಖ ನೋಡಿ ನಕ್ಕಳು. "ನೀವು ಇವರ ಮನಿಗೇನ ಹೋಗಿ ಕೇಳಿದ್ರಂತಲ್ರಿ. ಹೇಳಿದ್ರೇನು?"

"ಎಲ್ಲಿ ಹೇಳ್ತಾರ! ಬಾಯಿ ಬಿಟ್ಟರ ಕೇಳ್ರಿ."

"ಅದಕ್ಕ ನಾನ ಹೇಳ್ತೀನಿ. ನನಗ ತಲಿ ಆರಾಮಿಲ್ಲದಾಗ ಇವರ ವಾರ್ಡಿನ್ಯಾಗ ಇದ್ದೆ. ನನ್ನ ಕೈಗೆ ಇವರು ಬಳಿ ಹಾಕಿದ್ರು. ಈಗೂ ದಿನಾ ಒಂದು ಗುಳಗಿ ತಗೋತೀನಿ. ಹುಡುಗಗ, ಅವರ ಅವ್ವ ಅಪ್ಪಗ ಮಾತುಕತಿಗೆ ಮೊದಲ ಎಲ್ಲಾ ಹೇಳೇವಿ. ನಿಮಗೊಬ್ಬರಿಗೆ ಹೇಳಿದ್ದಿಲ್ಲ ನೋಡ್ರಿ."

ಯಾರೋ ಕಿಸಕ್ಕೆಂದರು. ವರನ ತಾಯಿ ಸೆರಗು ಬಾಯಿಗೆ ಹಿಡಿದರು. ಸುಭದ್ರಾಬಾಯಿ, "ನನಗೇನು, ನಾ ಸುಮ್ಮನ ಕೇಳಿದೆ" ಎನ್ನುತ್ತ ಕೂತರು. ಬಳೆಗಾರ, "ಜಲ್ದಿ ಮಾಡ್ರಿ ಅಮ್ಮಾ, ಇನ್ನೂ ಎರಡು ಮನಿಗೆ ಹೋಗಬೇಕು" ಅಂದ.

ಆ ಮಾತನ್ನು ಹೇಳುವ ಹಕ್ಕು ಅವಳದು. ನಾನು ಇಷ್ಟು ವರ್ಷ ಕಾದದ್ದು ಅದನ್ನೇ.

ಹುಡುಗಿ ಮಣೆಯ ಮೇಲೆ ಕೂತಿದ್ದಳು. ಬಳೆಗಾರ ಒಂದು ಹಸಿರು ಗಾಜಿನ ಬಳೆಯನ್ನು ನನ್ನ ಕೈಗೆ ಕೊಟ್ಟ. ನಾನು ಅವಳ ಎದುರು ಕೂತೆ. ಅವಳ ಕೈ ಹಿಡಿಯಲು ಹೋದವಳು ಅರ್ಧಕ್ಕೇ ನಿಂತೆ. ಹಿಂದೆ ಯಾರೂ ನಿಂತಿರಲಿಲ್ಲ, ಆದರೂ ಸುಗುಣಾ ಸಿಸ್ಟರ್ ಅವರ ಆ ಸಣ್ಣ ದನಿ ಕೇಳಿಸಿತು.

"ಹಾಕಲೇನವಾ?" ಎಂದು ಕೇಳಿದೆ.

ಹುಡುಗಿ ಅವ್ವನನ್ನು ನೋಡಲಿಲ್ಲ, ಸುಭದ್ರಾಬಾಯಿಯನ್ನೂ ನೋಡಲಿಲ್ಲ. "ಹಾಕ್ರಿ ಅಜ್ಜಿ," ಎಂದು ಕೈ ಚಾಚಿದಳು.